ಗೋಡೆ ದಾಟಿದ ಅಲೆ ಹಾಳೆಗೆ ನಿಂತಿತು

ಹಳೆಯ ಮಣ್ಣಿನ ಮನೆಯ ಗೋಡೆ ಒಂದೂವರೆ ಅಡಿ ದಪ್ಪ. ಹತ್ತಿರದಲ್ಲೊಂದು ಟವರ್ ಇದ್ದರೆ ಸಾಕು, ಅಂಥ ಮನೆಯ ನಡುಕೋಣೆಯಲ್ಲೂ ಮೊಬೈಲ್ ರಿಂಗಾಗುತ್ತದೆ. ಅದೇ ಫೋನನ್ನು ಕಿವಿಗೆ ಹಿಡಿದು ಲಿಫ್ಟ್ ಹೊಕ್ಕರೆ ಬಾಗಿಲು ಮುಚ್ಚಿಕೊಂಡ ಕ್ಷಣಕ್ಕೆ ಮಾತು ಕಡಿದುಹೋಗುತ್ತದೆ. ಲಿಫ್ಟಿನ ತಗಡು ಒಂದೆರಡು ಮಿಲಿಮೀಟರ್ ದಪ್ಪ ಇದ್ದರೆ ಹೆಚ್ಚು. ದಪ್ಪ ಗೋಡೆಯನ್ನು ಲೀಲಾಜಾಲವಾಗಿ ದಾಟಿ ಬಂದ ಅಲೆ ತೆಳ್ಳನೆಯ ತಗಡಿಗೆ ಸೋತಿತು.

ಇನ್ನೊಂದು ಸೋಜಿಗ ಅಡುಗೆಮನೆಯಲ್ಲೇ ಇದೆ. ಮೈಕ್ರೋವೇವ್ ಒಲೆಯ ಬಾಗಿಲಿನ ಗಾಜಿಗೆ ತೂತು ತೂತಾದ ಲೋಹದ ಹಾಳೆ ಹಚ್ಚಿರುತ್ತಾರೆ. ಒಳಗೆ ಹಾಲು ಉಕ್ಕುವುದು ಆ ತೂತುಗಳ ಮೂಲಕ ನಮಗೆ ಚೆನ್ನಾಗಿ ಕಾಣುತ್ತದೆ, ಅಂದರೆ ಬೆಳಕು ಹೊರಬರುತ್ತಿದೆ. ಹಾಲನ್ನು ಕಾಯಿಸುತ್ತಿರುವ ಅಲೆ ಮಾತ್ರ ಬರುತ್ತಿಲ್ಲ. ಬಾಗಿಲು ತೆರೆದೇ ಇದೆಯೇನೋ ಎಂಬಂತೆ ಕಂಡರೂ ಆ ಅಲೆಯ ಪಾಲಿಗೆ ಅದು ಮುಚ್ಚಿದ ಬಾಗಿಲು.

ಎಕ್ಸ್-ರೇ ಕೋಣೆಗೆ ಸೀಸದ ಹೊದಿಕೆ ಹಾಕುವುದನ್ನು ಕೇಳಿರುವ ನಮಗೆ, ವಿಕಿರಣ ತಡೆಯಲು ಭಾರವಾದ, ದಪ್ಪನೆಯ ವಸ್ತುವೇ ಬೇಕು ಎಂಬ ನಂಬಿಕೆ ಬೇರೂರಿದೆ. ಫೋನಿನದೂ ಒಲೆಯದೂ ಮೈಕ್ರೋವೇವ್ ಅಲೆಯೇ, ಅದರ ಎದುರು ಈ ನಂಬಿಕೆ ನಿಲ್ಲುವುದಿಲ್ಲ. ವಿದ್ಯುತ್ತನ್ನು ಒಯ್ಯುವುದರಲ್ಲಿ ಸೀಸವು ತಾಮ್ರಕ್ಕಿಂತ ಸುಮಾರು 12 ಪಟ್ಟು ಹಿಂದೆ. ಇಲ್ಲಿ ಲೆಕ್ಕಕ್ಕೆ ಬರುವುದು ಆ ಗುಣವೇ ಹೊರತು ತೂಕವಲ್ಲ.

ಮಾಸ್ಕೋದ ಕಿಟಕಿಗಳು

ಒಂದು ಕಟ್ಟಡವನ್ನು ನಿಜವಾಗಿಯೂ ಮೈಕ್ರೋವೇವಿನಿಂದ ಮರೆಮಾಡಬೇಕಾಗಿ ಬಂದ ಪ್ರಸಂಗ ಮಾಸ್ಕೋದಲ್ಲಿ ನಡೆಯಿತು. 1950ರ ದಶಕದಿಂದ ಅಲ್ಲಿನ ಅಮೆರಿಕನ್ ರಾಯಭಾರ ಕಚೇರಿಯ ಮೇಲೆ ಎದುರಿನ ಕಟ್ಟಡಗಳಿಂದ ಯಾರೋ ಮೈಕ್ರೋವೇವ್ ಬೀರುತ್ತಿದ್ದರು. ಕೆಲಸಗಾರರಿಗೆ ಇದು ತಿಳಿದಿರಲಿಲ್ಲ. 1976ರಲ್ಲಿ ರಾಯಭಾರಿ ವಾಲ್ಟರ್ ಸ್ಟೋಸೆಲ್ ತಮ್ಮ ಸಿಬ್ಬಂದಿಗೆ ವಿಷಯ ತಿಳಿಸಿದಾಗ ದೊಡ್ಡ ಗದ್ದಲವೇ ಎದ್ದಿತು. ಅದೇ ವರ್ಷ ಕಿಟಕಿಗಳಿಗೆ ಅಲ್ಯುಮಿನಿಯಂ ಬಲೆ ಹಾಕಲಾಯಿತು. ಸೀಸದ ಗೋಡೆ ಎಬ್ಬಿಸಲಿಲ್ಲ, ಕಾಂಕ್ರೀಟ್ ದಪ್ಪಗೊಳಿಸಲಿಲ್ಲ. ಹಗುರವಾದ ಲೋಹದ ಬಲೆಯೇ ಉತ್ತರವಾಯಿತು.

ಆ ಅಲೆಗಳು ಎಷ್ಟು ಬಲವಾಗಿದ್ದವು? ಅಳೆದ ಗರಿಷ್ಠ ತೀವ್ರತೆಯೂ ಒಂದು ಚದರ ಸೆಂಟಿಮೀಟರಿಗೆ 20 ಮೈಕ್ರೋವ್ಯಾಟ್ ಮುಟ್ಟಿರಲಿಲ್ಲ. ಆಗ ಅಮೆರಿಕದಲ್ಲಿ ಕೆಲಸಗಾರರಿಗೆ ಒಪ್ಪಿದ್ದ ಮಿತಿ ಇದರ ನೂರಾರು ಪಟ್ಟು ಹೆಚ್ಚು, ಸೋವಿಯತ್ ದೇಶದ ಮಿತಿ ಇದಕ್ಕಿಂತ ಕಡಿಮೆ. ಒಂದೇ ಅಲೆ ಒಂದು ದೇಶದ ಕಾನೂನಿನಲ್ಲಿ ನಿರುಪದ್ರವಿ, ಇನ್ನೊಂದರಲ್ಲಿ ಅಪಾಯಕಾರಿ! ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಬ್ರಹಾಂ ಲಿಲಿಯನ್‌ಫೆಲ್ಡ್ ಮತ್ತು ಸಂಗಡಿಗರು ಮಾಸ್ಕೋದಲ್ಲಿ ಕೆಲಸ ಮಾಡಿದವರ ಆರೋಗ್ಯವನ್ನು ಪೂರ್ವ ಯುರೋಪಿನ ಇತರ ರಾಯಭಾರ ಕಚೇರಿಗಳಲ್ಲಿದ್ದವರ ಆರೋಗ್ಯದ ಜೊತೆ ಹೋಲಿಸಿ 1978ರಲ್ಲಿ ವರದಿ ಕೊಟ್ಟರು. ಮೈಕ್ರೋವೇವಿನ ತಲೆಗೆ ಕಟ್ಟಬಹುದಾದ ಹಾನಿ ಅದರಲ್ಲಿ ಕಂಡುಬರಲಿಲ್ಲ.

ಹಾಗಿದ್ದರೆ ಹಾನಿ ಯಾವಾಗ? ಮೈಕ್ರೋವೇವ್ ಮಾಡುವ ಮುಖ್ಯ ಕೆಲಸ ಕಾಯಿಸುವುದು. ಎಕ್ಸ್-ರೇ ಹಾಗೆ ಅಣುಗಳ ಬೆಸುಗೆಯನ್ನೇ ಕಡಿಯುವ ಶಕ್ತಿ ಅದರ ಕಣಕ್ಕಿಲ್ಲ, ಅದಕ್ಕೆ ಬೇಕಾದುದರ ಲಕ್ಷದಲ್ಲೊಂದು ಪಾಲೂ ಇಲ್ಲ. ಆದರೆ ಬಲವಾದ ರೇಡಾರಿನ ಬಾಯಿಗೆ ಎದುರಾಗಿ ನಿಂತರೆ, ಅಥವಾ ಒಲೆಯ ಬಾಗಿಲು ತೆರೆದಿರುವಾಗಲೇ ಅದು ಉರಿಯುವಂತಾದರೆ ಮೈ ಒಳಗಿನಿಂದ ಬಿಸಿಯಾಗುತ್ತದೆ. ಕಣ್ಣಿನ ಮಸೂರಕ್ಕೆ ಹೆಚ್ಚು ಅಪಾಯ, ಏಕೆಂದರೆ ಬಿಸಿಯನ್ನು ಹೊತ್ತೊಯ್ಯಲು ಅಲ್ಲಿ ರಕ್ತ ಹರಿಯುವುದಿಲ್ಲ. ರೇಡಾರ್ ನೆಲೆಗಳು, ಪ್ರಸಾರ ಕೇಂದ್ರಗಳು, ಮೈಕ್ರೋವೇವಿನಿಂದ ಮರ ಅಥವಾ ರಬ್ಬರ್ ಒಣಗಿಸುವ ಕಾರ್ಖಾನೆಗಳು: ಮರೆ ಖಂಡಿತ ಬೇಕಾದ ಜಾಗಗಳು ಇವು.

ಕಂಬಕ್ಕೆ ಕಟ್ಟಿದ ಹಗ್ಗ

ಬಾವಿಯಿಂದ ನೀರು ಸೇದುವ ಉದ್ದನೆಯ ಹಗ್ಗವೊಂದನ್ನು ಕಂಬಕ್ಕೆ ಬಿಗಿದು, ಇನ್ನೊಂದು ತುದಿ ಹಿಡಿದು ಒಮ್ಮೆ ಮೇಲಕ್ಕೆ ಝಾಡಿಸಿ. ಉಬ್ಬೊಂದು ಹಗ್ಗದಗುಂಟ ಓಡಿಹೋಗಿ ಕಂಬಕ್ಕೆ ಬಡಿದು ವಾಪಸು ಬರುತ್ತದೆ. ಹೋಗುವಾಗ ಮೇಲ್ಮುಖವಾಗಿದ್ದ ಉಬ್ಬು ಬರುವಾಗ ಕೆಳಮುಖವಾಗಿರುತ್ತದೆ. ಕಂಬ ಅಲುಗಲೊಲ್ಲದು. ಗಂಟಿನ ಬಳಿ ಹಗ್ಗ ಅಲುಗದೇ ಇರಬೇಕಾದರೆ ಬಂದ ಉಬ್ಬನ್ನು ಅಳಿಸುವಂಥ ತಿರುವುಮುರುವಾದ ಉಬ್ಬು ಅಲ್ಲಿ ಹುಟ್ಟಲೇಬೇಕು.

ಲೋಹದ ತಗಡಿನ ಮೇಲೆ ಮೈಕ್ರೋವೇವ್ ಬಿದ್ದಾಗ ನಡೆಯುವುದು ಇದೇ. ಲೋಹದೊಳಗೆ ಯಾವ ಪರಮಾಣುವಿಗೂ ಅಂಟಿಕೊಳ್ಳದೆ ಅಲೆದಾಡುವ ಬಿಡಿ ಇಲೆಕ್ಟ್ರಾನುಗಳು ಅಸಂಖ್ಯ ಇವೆ. ಮೈಕ್ರೋವೇವ್ ಎಂದರೆ ಸೆಕೆಂಡಿಗೆ ನೂರಾರು ಕೋಟಿ ಸಲ ದಿಕ್ಕು ಬದಲಿಸುವ ವಿದ್ಯುತ್ತಿನ ಎಳೆತ. ಆ ಎಳೆತಕ್ಕೆ ಬಿಡಿ ಇಲೆಕ್ಟ್ರಾನುಗಳು ತಕ್ಷಣ ಓಗೊಟ್ಟು ಓಲಾಡುತ್ತವೆ. ಓಲಾಡುವ ಇಲೆಕ್ಟ್ರಾನು ತಾನೂ ಒಂದು ಅಲೆ ಹೊರಡಿಸುತ್ತದೆ. ಎಲ್ಲವೂ ಸೇರಿ ಹೊರಡಿಸಿದ ಈ ‘ಎದುರಲೆ’ ತಗಡಿನ ಮುಂದಿನ ದಿಕ್ಕಿನಲ್ಲಿ ಬಂದ ಅಲೆಗೆ ತದ್ವಿರುದ್ಧವಾಗಿರುತ್ತದೆ, ಎರಡೂ ಒಂದನ್ನೊಂದು ಅಳಿಸಿಕೊಂಡು ಆಚೆ ಬದಿಯಲ್ಲಿ ಏನೂ ಉಳಿಯುವುದಿಲ್ಲ. ಹಿಂದಿನ ದಿಕ್ಕಿಗೆ ಹೋದದ್ದು ಪ್ರತಿಫಲಿತ ಅಲೆ. ಹಗ್ಗದ ತಿರುಗಿದ ಉಬ್ಬು ಅದೇ.

ಇಟ್ಟಿಗೆಯಲ್ಲಿ, ಮಣ್ಣಿನಲ್ಲಿ, ಒಣ ಮರದಲ್ಲಿ ಇಲೆಕ್ಟ್ರಾನುಗಳಿಗೆ ಈ ಸ್ವಾತಂತ್ರ್ಯವಿಲ್ಲ. ಕಟ್ಟಿಹಾಕಿದ ಅವು ಇದ್ದಲ್ಲೇ ಕೊಂಚ ಮಿಸುಕುತ್ತವೆ, ಅಷ್ಟೆ. ಹಗ್ಗವನ್ನು ಕಂಬಕ್ಕೆ ಬಿಗಿಯುವ ಬದಲು ಸ್ವಲ್ಪ ದಪ್ಪನೆಯ ಇನ್ನೊಂದು ಹಗ್ಗಕ್ಕೆ ಗಂಟು ಹಾಕಿದ ಹಾಗೆ: ಉಬ್ಬಿನ ಸಣ್ಣ ಪಾಲು ಗಂಟಿನಿಂದ ಮರಳುತ್ತದೆ, ಉಳಿದದ್ದು ಮುಂದಕ್ಕೆ ಓಡುತ್ತದೆ. ಒಣ ಇಟ್ಟಿಗೆಯ ಮೇಲ್ಮೈಯಿಂದ ಹೀಗೆ ಮರಳುವುದು ಸುಮಾರು ಒಂಬತ್ತರಲ್ಲೊಂದು ಪಾಲು ಶಕ್ತಿ ಮಾತ್ರ. ಗೋಡೆ ಒದ್ದೆಯಾಗಿದ್ದರೆ ನೀರು ಇನ್ನಷ್ಟನ್ನು ಹೀರುತ್ತದೆ, ಒಣಗಿದ ಗೋಡೆ ಅಲೆಗೆ ಹೆಚ್ಚುಕಮ್ಮಿ ಮಸುಕಾದ ಗಾಜು.

ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಗೋಡೆ ಪಂಜರದ ಹಾಗೆ ತಡೆಯಬೇಕಲ್ಲವೇ ಎಂದು ಕೇಳುವವರಿದ್ದಾರೆ. ಸರಳುಗಳ ನಡುವಿನ ಅಂತರ ಸಾಮಾನ್ಯವಾಗಿ 15–20 ಸೆಂಟಿಮೀಟರ್. 1800 ಮೆಗಾಹರ್ಟ್ಸ್ ಮೊಬೈಲ್ ಅಲೆಯ ಒಂದು ಏರಿಳಿತದ ಉದ್ದ, ಅಂದರೆ ಅಲೆಯುದ್ದ, ಸುಮಾರು 17 ಸೆಂಟಿಮೀಟರ್. ತನ್ನಷ್ಟೇ ಅಗಲದ ಕಿಂಡಿ ಸಿಕ್ಕರೆ ಅಲೆ ನುಗ್ಗದೆ ಇರುತ್ತದೆಯೇ? ಕಿಂಡಿಯ ವಿಷಯಕ್ಕೆ ಮತ್ತೆ ಬರುತ್ತೇನೆ.

ತೊಗಲಿನಷ್ಟೇ ಆಳ

ಅಲೆಯನ್ನು ಅಳಿಸಲು ಎಷ್ಟು ದಪ್ಪದ ಲೋಹ ಬೇಕು? ಇಲೆಕ್ಟ್ರಾನುಗಳು ಈ ಕೆಲಸವನ್ನು ಮೇಲ್ಮೈಯಲ್ಲೇ ಮುಗಿಸಿಬಿಡುತ್ತವೆ. ಅಲೆ ಲೋಹದೊಳಗೆ ಇಳಿದಂತೆ ವೇಗವಾಗಿ ಸೊರಗುತ್ತದೆ, ಎಷ್ಟು ಇಳಿಯುವಷ್ಟರಲ್ಲಿ ಅದರ ಎತ್ತರ ಸುಮಾರು ಮೂರರಲ್ಲೊಂದು ಪಾಲಿಗೆ ಕುಸಿಯುತ್ತದೋ ಆ ಅಳತೆಯನ್ನು ತೊಗಲಾಳ ಎನ್ನೋಣ. ಮೈಕ್ರೋವೇವ್ ಒಲೆಯ 2.45 ಗಿಗಾಹರ್ಟ್ಸ್ ಅಲೆಗೆ ತಾಮ್ರದ ತೊಗಲಾಳ ಸುಮಾರು 1.3 ಮೈಕ್ರೋಮೀಟರ್, ಅಲ್ಯುಮಿನಿಯಮ್ಮಿನದು ಸುಮಾರು 1.7. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆಯ ದಪ್ಪ ಹತ್ತು ಮೈಕ್ರೋಮೀಟರಿಗೆ ತುಸು ಹೆಚ್ಚು. ಆ ಅಲೆಯ ಪಾಲಿಗೆ ಈ ಹಾಳೆಯೇ ಕೋಟೆ. ಅದನ್ನು ಇನ್ನೂ ದಪ್ಪ ಮಾಡಿ ಲಾಭವಿಲ್ಲ.

ಇದಕ್ಕಿಂತ ಬೆರಗಿನ ಸಂಗತಿ ಈಗಿನ ಗಾಜಿನ ಕಟ್ಟಡಗಳಲ್ಲಿದೆ. ಬಿಸಿಲಿನ ಕಾವು ಒಳಬಾರದಿರಲೆಂದು ಕಿಟಕಿ ಗಾಜಿಗೆ ಬೆಳ್ಳಿಯ ಲೇಪ ಕೊಡುತ್ತಾರೆ. ಲೇಪದ ದಪ್ಪ ಸುಮಾರು ಹತ್ತು ನ್ಯಾನೋಮೀಟರ್, ಅಂದರೆ ತೊಗಲಾಳದ ನೂರರಲ್ಲೊಂದು ಪಾಲು. ಕಣ್ಣಿಗೆ ಕಾಣುವುದೇ ಇಲ್ಲ. ಆದರೂ ಅದು ಮೊಬೈಲ್ ಅಲೆಯನ್ನು 20ರಿಂದ 30 ಡೆಸಿಬೆಲ್ ತಗ್ಗಿಸಬಲ್ಲದು. (ಡೆಸಿಬೆಲ್ ಲೆಕ್ಕ ಸುಲಭ: 10 ಎಂದರೆ ಹತ್ತರಲ್ಲೊಂದು ಪಾಲು ಉಳಿಯಿತು, 20 ಎಂದರೆ ನೂರರಲ್ಲೊಂದು, 30 ಎಂದರೆ ಸಾವಿರದಲ್ಲೊಂದು.) ತೊಗಲಾಳಕ್ಕಿಂತ ಇಷ್ಟು ತೆಳುವಾದದ್ದು ಹೇಗೆ ತಡೆಯಿತು? ಅಲೆಯ ಕಣ್ಣಿಗೆ ಖಾಲಿ ಜಾಗಕ್ಕೂ ಒಂದು ಬಿಗುವಿದೆ, ಅದು 377 ಓಂ. ಬೆಳ್ಳಿಯ ಆ ಪದರದ ತಡೆ ಕೆಲವೇ ಓಂ. ಇಷ್ಟು ಅಂತರವಿದ್ದರೆ ಸಾಕು, ಎದುರಲೆ ಹುಟ್ಟಿಸುವಷ್ಟು ವಿದ್ಯುತ್ತು ಆ ತೆಳು ಪದರದಲ್ಲೇ ಹರಿಯುತ್ತದೆ. ಹಗ್ಗಕ್ಕೆ ತಿಳಿಯುವುದು ಕಂಬ ಅಲುಗುತ್ತದೋ ಇಲ್ಲವೋ ಎಂಬುದಷ್ಟೇ, ಕಂಬದ ಸುತ್ತಳತೆ ಅದಕ್ಕೆ ಬೇಕಿಲ್ಲ.

ಬೆಂಗಳೂರಿನಂಥ ಊರುಗಳ ಗಾಜಿನ ಕಚೇರಿಗಳೊಳಗೆ ಸಿಗ್ನಲ್ ಸಿಗಲೆಂದು ಮಹಡಿ ಮಹಡಿಗೂ ಸಣ್ಣ ಆಂಟೆನಾ ಕೂರಿಸುವುದಕ್ಕೆ ಇಂಥ ಗಾಜೂ ಒಂದು ಕಾರಣ. ಸ್ವಿಟ್ಜರ್‌ಲೆಂಡಿನಲ್ಲಿ ರೈಲು ಕಿಟಕಿಯ ಲೇಪವನ್ನು ಲೇಸರಿನಿಂದ ಸಣ್ಣ ಗೆರೆಗಳಾಗಿ ಕೊರೆದು, ಕಾವು ಹೊರಗೇ ಉಳಿಯುವ ಆದರೆ ಫೋನಿನ ಅಲೆ ದಾಟುವ ಗಾಜು ಮಾಡಿದ್ದಾರೆ. ತಡೆಯುವ ವಿದ್ಯೆ ಗೊತ್ತಿದ್ದವರಿಗೆ ಮಾತ್ರ ಹೀಗೆ ಆಯ್ದು ಬಿಡುವ ವಿದ್ಯೆಯೂ ಬರುತ್ತದೆ.

ತೂತಿಗಿಂತ ಸೀಳು ಕೆಟ್ಟದ್ದು

ಒಲೆಯ ಬಾಗಿಲಿನ ತೂತುಗಳಿಗೆ ಬರೋಣ. 2.45 ಗಿಗಾಹರ್ಟ್ಸ್ ಅಲೆಯುದ್ದ ಸುಮಾರು 12 ಸೆಂಟಿಮೀಟರ್, ತೂತು ಒಂದೆರಡು ಮಿಲಿಮೀಟರ್. ಲೋಹದ ಮೇಲೆ ಓಲಾಡುವ ವಿದ್ಯುತ್ತು ಅಷ್ಟು ಚಿಕ್ಕ ತೂತನ್ನು ಬಳಸಿಕೊಂಡು ಸರಾಗವಾಗಿ ಹರಿದುಬಿಡುತ್ತದೆ. ಹಾಳೆ ಇಡಿಯಾಗಿದೆ ಎಂಬಂತೆಯೇ ಎದುರಲೆ ಹುಟ್ಟುತ್ತದೆ. ಬೆಳಕಿನ ಅಲೆಯುದ್ದವಾದರೋ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ, ಅದಕ್ಕೆ ಒಂದೊಂದು ತೂತೂ ಹೆಬ್ಬಾಗಿಲು. ಕಿಂಡಿಯ ಅಗಲ ಅಲೆಯುದ್ದದ ಹತ್ತರಲ್ಲೊಂದು ಪಾಲಿಗಿಂತ ಸಾಕಷ್ಟು ಚಿಕ್ಕದಿರಲಿ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ.

ಮರೆ ಕಟ್ಟುವವರು ಎಡವುವುದು ತೂತಿನಲ್ಲಲ್ಲ, ಸೀಳಿನಲ್ಲಿ. ಎರಡು ತಗಡು ಕೂಡುವಲ್ಲಿ, ಬಾಗಿಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಅದರ ಉದ್ದ ಅಲೆಯುದ್ದದ ಅರ್ಧದಷ್ಟಿದ್ದರೆ, ಅಂದರೆ ಒಲೆಯ ಅಲೆಗೆ 6 ಸೆಂಟಿಮೀಟರ್ ಇದ್ದರೆ, ಅಲ್ಲಿ ಹರಿಯುತ್ತಿದ್ದ ವಿದ್ಯುತ್ತಿನ ದಾರಿ ಕಡಿದು ಆ ಸೀಳೇ ಆಂಟೆನಾ ಆಗಿಬಿಡುತ್ತದೆ. ಫೋನನ್ನು ಅಲ್ಯುಮಿನಿಯಂ ಹಾಳೆಯಲ್ಲಿ ಸುಮ್ಮನೆ ಸುತ್ತಿ ಕರೆ ಮಾಡಿ ನೋಡಿ, ಅನೇಕ ಸಲ ರಿಂಗಾಗುತ್ತದೆ. ಅಂಚುಗಳನ್ನು ಎರಡು ಮೂರು ಮಡಿಕೆ ಒತ್ತಿ ಮುಚ್ಚಿದರೆ ನಿಲ್ಲುತ್ತದೆ. ಹಾಳೆ ಅದೇ, ಬದಲಾದದ್ದು ಸಂದು.

ಈ ಸೀಳಿನ ಆಟವನ್ನು ನಮ್ಮ ದೇಶದಲ್ಲೇ ಶತಮಾನಕ್ಕೂ ಹಿಂದೆ ಜಗದೀಶಚಂದ್ರ ಬೋಸ್ ಆಡಿ ತೋರಿಸಿದ್ದರು. 1890ರ ದಶಕದ ಕಲ್ಕತ್ತದಲ್ಲಿ ಅವರು ಮಿಲಿಮೀಟರ್ ಲೆಕ್ಕದ ಅಲೆಗಳನ್ನು ಹುಟ್ಟಿಸಿ, ಅವು ಗೋಡೆ ದಾಟಿ ಆಚೆ ಕೋಣೆಯ ಗಂಟೆ ಬಾರಿಸುವಂತೆ ಮಾಡಿದರು. ರೈಲು ವೇಳಾಪಟ್ಟಿಯ ದಪ್ಪ ಪುಸ್ತಕವೊಂದರ ಪುಟಗಳ ನಡುವೆ ತವರದ ಹಾಳೆ ಸೇರಿಸಿ ಅಲೆಗೆ ಅಡ್ಡ ಹಿಡಿದರು. ಅಲೆಯ ಓಲಾಟ ಹಾಳೆಗಳಿಗೆ ಸಮನಾಗಿದ್ದಾಗ ಇಲೆಕ್ಟ್ರಾನುಗಳಿಗೆ ಓಡಾಡಲು ಜಾಗ ಸಿಕ್ಕಿ ಅಲೆ ನಿಂತಿತು. ಪುಸ್ತಕವನ್ನು ಕಾಲುಸುತ್ತು ತಿರುಗಿಸಿದಾಗ ಅದೇ ಅಲೆ ದಾಟಿತು. ಇಷ್ಟು ಸರಳವಾದ ಸಾಮಗ್ರಿಯಿಂದ ಇಷ್ಟು ಆಳದ ಮಾತನ್ನು ತೋರಿಸಿದ ಪ್ರಯೋಗ ನನಗೆ ತಿಳಿದಂತೆ ವಿರಳ.

ಒಲೆಯ ಬಾಗಿಲು ಇನ್ನೊಂದು ಬಗೆಯ ಜಾಣತನ. ಬಾಗಿಲು ಚೌಕಟ್ಟಿಗೆ ಪ್ರತಿ ಸಲವೂ ಲೋಹಕ್ಕೆ ಲೋಹ ತಾಗಿ ಕೂರುತ್ತದೆಂಬ ಭರವಸೆ ಇಲ್ಲ, ಎಣ್ಣೆ ಜಿಡ್ಡು, ಬಣ್ಣ ಎಲ್ಲ ಅಡ್ಡ ಬರುತ್ತವೆ. ಅದಕ್ಕೆ ಬಾಗಿಲಿನ ಅಂಚಿನೊಳಗೆ ಸುಮಾರು 3 ಸೆಂಟಿಮೀಟರಿನ, ಅಂದರೆ ಕಾಲು ಅಲೆಯುದ್ದದ, ತೋಡೊಂದನ್ನು ಅಡಗಿಸಿರುತ್ತಾರೆ. ಸಂದಿನಲ್ಲಿ ನುಸುಳಿದ ಅಲೆ ತೋಡಿನೊಳಗೆ ಹೋಗಿ ತಳಕ್ಕೆ ಬಡಿದು, ತಿರುಗಿದ ಉಬ್ಬಾಗಿ ಬಂದು, ಹೊರಡಲಿದ್ದ ಅಲೆಯನ್ನು ಅಳಿಸುತ್ತದೆ. ಅಮೆರಿಕದಲ್ಲಿ 1971ರಿಂದ ಇರುವ ನಿಯಮದಂತೆ ಒಲೆ ಎಷ್ಟೇ ಹಳತಾದರೂ ಅದರಿಂದ 5 ಸೆಂಟಿಮೀಟರ್ ದೂರದಲ್ಲಿ ಸೋರಿಕೆ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ದಾಟಕೂಡದು. ಬಾಗಿಲು ಬಾಗಿದ, ಕೀಲು ಸಡಿಲಾದ ಒಲೆಯನ್ನು ಬಳಸಬೇಡಿ ಎನ್ನುವುದು ಇದೇ ಕಾರಣಕ್ಕೆ.

ಕಟ್ಟಡಕ್ಕೂ ಇದೇ ನಿಯಮ. ಕಿಟಕಿಗೆ ಲೋಹದ ಸೊಳ್ಳೆಬಲೆ ಹಾಕಿದರೆ ಕೆಲಸ ಮಾಡುತ್ತದೆ, ನೈಲಾನ್ ಬಲೆ ಮಾಡುವುದಿಲ್ಲ. ಆದರೆ ಬಲೆಯ ಅಂಚು ಬಣ್ಣ ಬಳಿದ ಚೌಕಟ್ಟಿನ ಮೇಲೆ ಕುಳಿತರೆ ಸುತ್ತಲೂ ಒಂದು ಉದ್ದನೆಯ ಸೀಳೇ ಉಳಿಯಿತು. ಮರೆಗೆ ಅರ್ಥಿಂಗ್ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ವಿದ್ಯುತ್ ಆಘಾತದ ದೃಷ್ಟಿಯಿಂದ ಅರ್ಥಿಂಗ್ ಒಳ್ಳೆಯದೇ. ಆದರೆ ನೆಲ ಮುಟ್ಟುವ ಆ ತಂತಿ ಹತ್ತಾರು ಅಲೆಯುದ್ದ ದೂರದ್ದು, ಮೈಕ್ರೋವೇವಿಗೆ ಅದರಿಂದ ಏನೂ ವ್ಯತ್ಯಾಸವಾಗದು. ತಗಡು ತಗಡಿಗೆ ಕೂಡುವ ಜಾಗ ಸರಿಯಿದೆಯೇ ಎಂಬುದೇ ಪ್ರಶ್ನೆ.

ಹಿಂದಿರುಗಿಸದೆ ಹೀರುವ ಗೋಡೆ

ಲೋಹದ ಮರೆಗೆ ಒಂದು ದೋಷವಿದೆ. ಅದು ಅಲೆಯನ್ನು ನುಂಗುವುದಿಲ್ಲ, ಎತ್ತಲೋ ಅಟ್ಟುತ್ತದೆ. ಮೂಲ ಕೋಣೆಯ ಒಳಗೇ ಇದ್ದರೆ ಅಲೆ ಗೋಡೆಯಿಂದ ಗೋಡೆಗೆ ಪುಟಿಯುತ್ತ ಅಲ್ಲೇ ಉಳಿಯುತ್ತದೆ. ಹೀಗಾಗಿ ರೇಡಾರ್ ಮತ್ತು ಉಪಗ್ರಹದ ಕೆಲಸದಲ್ಲಿ ಹೀರುವ ವಸ್ತುಗಳೂ ಬೇಕು.

ಮತ್ತೆ ಹಗ್ಗವನ್ನು ನೆನೆಯಿರಿ. ಬಿಡದೆ ಅಲುಗಿಸುತ್ತಿದ್ದರೆ ಕಂಬದ ಬಳಿ ಹಗ್ಗ ಅಲುಗುವುದೇ ಇಲ್ಲ, ಅಲ್ಲಿಂದ ಕಾಲು ಅಲೆಯುದ್ದ ಈಚೆಗೆ ಅತಿ ಹೆಚ್ಚು ಅಲುಗುತ್ತದೆ. ಹಗ್ಗದ ಶಕ್ತಿಯನ್ನು ಕಸಿಯಬೇಕಾದರೆ ಬ್ರೇಕು ಹಾಕಬೇಕಾದ ಜಾಗ ಅದು. ವಿನ್‌ಫೀಲ್ಡ್ ಸಾಲ್ಸ್‌ಬರಿ ಎಂಬ ಅಮೆರಿಕನ್ ವಿಜ್ಞಾನಿ 1952ರಲ್ಲಿ ಪೇಟೆಂಟ್ ಪಡೆದ ಪರದೆಯ ಗುಟ್ಟು ಇದೇ: ಲೋಹದ ಗೋಡೆಯಿಂದ ಕಾಲು ಅಲೆಯುದ್ದ ಮುಂದೆ 377 ಓಂ ತಡೆಯ ತೆಳು ಹಾಳೆ. ಅಲ್ಲಿ ಅಲೆಯ ಶಕ್ತಿಯೆಲ್ಲ ಬಿಸಿಯಾಗಿ ಕರಗುತ್ತದೆ. ಕೊರತೆಯೆಂದರೆ, ಒಂದು ಅಲೆಯುದ್ದಕ್ಕೆ ಹೊಂದಿಸಿದ ಪರದೆ ಬೇರೆ ಅಲೆಯುದ್ದಕ್ಕೆ ಸರಿಹೊಂದದು.

ಎಲ್ಲ ಅಲೆಗೂ ಒಗ್ಗುವ ಉಪಾಯವನ್ನು ಬೆಂಗಳೂರಿನ ಮಾರತ್ತಹಳ್ಳಿ ಬಳಿ ಇರುವ ಇಸ್ರೋ ಆವರಣದ ಆಂಟೆನಾ ಪರೀಕ್ಷಾ ಕೋಣೆಯಲ್ಲಿ ನೋಡಬಹುದು. ಅಂಥ ಕೋಣೆಗಳ ಗೋಡೆ, ಸೂರಿನ ತುಂಬ ಇಂಗಾಲ ಕುಡಿದ ಸ್ಪಂಜಿನ ಚೂಪು ಗೋಪುರಗಳ ಸಾಲು. ಅಲೆ ತುದಿಯಲ್ಲಿ ಹೆಚ್ಚುಕಡಿಮೆ ಬರಿಯ ಗಾಳಿಯನ್ನೇ ಎದುರುಗೊಳ್ಳುತ್ತದೆ, ಒಳಕ್ಕೆ ಸರಿದಂತೆ ಇಂಗಾಲ ಹೆಚ್ಚುತ್ತ ಹೋಗುತ್ತದೆ. ಎಲ್ಲಿಯೂ ಥಟ್ಟನೆ ಗಂಟು ಎದುರಾಗದ ಕಾರಣ ಮರಳಲು ನೆಪವೇ ಸಿಗದೆ ಅಲೆ ಒಳಗೇ ಕರಗುತ್ತದೆ.

ಕಟ್ಟಡ ಕಟ್ಟುವ ವಸ್ತುವೇ ಹೀರುವಂತಾದರೆ? ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೋಫರ್ ಟುವಾನ್ ಮತ್ತು ಲಿಮ್ ನುಯೆನ್ ಕಾಂಕ್ರೀಟಿಗೆ ಇಂಗಾಲ, ಲೋಹದ ಎಳೆ ಬೆರೆಸಿ, ಜಲ್ಲಿಯ ಬದಲು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು ಹಾಕಿ ಅಲೆ ತಡೆಯುವ ಗೋಡೆ ಮಾಡಿದ್ದಾರೆ. ಎಳೆಗಳು ಅಲೆಯ ಒಂದು ಪಾಲನ್ನು ಹಿಂದಕ್ಕೆ ಅಟ್ಟಿದರೆ ಅದಿರು ಇನ್ನೊಂದು ಪಾಲನ್ನು ಹೀರುತ್ತದೆ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆಯುತ್ತಿದ್ದದ್ದು ಇದೇ ಜಾತಿಯ ಅದಿರು. ಇನ್ನೊಂದು ತುದಿಯಲ್ಲಿ ಎಂಕ್ಸೀನ್ ಎಂಬ ಹೊಸ ಪದಾರ್ಥವಿದೆ, ಟೈಟಾನಿಯಂ ಮತ್ತು ಇಂಗಾಲದ ಪದರ ಪದರವಾದ ಹಾಳೆ. 45 ಮೈಕ್ರೋಮೀಟರ್ ದಪ್ಪದ ಅಂಥ ಹಾಳೆ 92 ಡೆಸಿಬೆಲ್ ತಡೆದದ್ದನ್ನು ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಯೂರಿ ಗೊಗೊಟ್ಸಿ ಮತ್ತು ಕೊರಿಯಾದ ಸಂಗಡಿಗರು 2016ರಲ್ಲಿ ಪ್ರಕಟಿಸಿದರು. ನೂರು ಕೋಟಿಯಲ್ಲಿ ಒಂದು ಪಾಲೂ ದಾಟಲಿಲ್ಲ ಎಂದ ಹಾಗಾಯಿತು. ಅದನ್ನು ನೀರಿನಲ್ಲಿ ಕದಡಿ ಬಣ್ಣದಂತೆ ಬಳಿಯಲೂ ಬರುತ್ತದೆ.

ನಮ್ಮ ಮನೆಗೆ ಬೇಕೇ?

ಭಾರತ 2012ರ ಸೆಪ್ಟೆಂಬರ್ 1ರಿಂದ ಮೊಬೈಲ್ ಟವರುಗಳಿಗೆ ಅಂತಾರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಪಾಲನ್ನೇ ಮಿತಿಯಾಗಿ ಇಟ್ಟುಕೊಂಡಿದೆ: 900 ಮೆಗಾಹರ್ಟ್ಸ್ ಅಲೆಗೆ ಚದರ ಮೀಟರಿಗೆ 0.45 ವ್ಯಾಟ್, 1800ಕ್ಕೆ 0.9 ವ್ಯಾಟ್. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರೇಡಿಯೋ ಅಲೆಗಳನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ ಗುಂಪಿಗೆ ಸೇರಿಸಿದ್ದೂ ನಿಜ. ಜನ ಆತಂಕಪಡುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆ ಆತಂಕವನ್ನೇ ಬಂಡವಾಳ ಮಾಡಿಕೊಂಡು ಫೋನಿನ ಬೆನ್ನಿಗೆ ಅಂಟಿಸುವ ಚಿಪ್, ಗೋಡೆಗೆ ನೇತುಹಾಕುವ ಬಿಲ್ಲೆ ಮಾರುವುದು ತಪ್ಪು. ಇಲೆಕ್ಟ್ರಾನುಗಳ ನಿರಂತರ ಹಾಳೆಯೊಂದು ಅಲೆಗೂ ನಮಗೂ ನಡುವೆ ಇಲ್ಲದಿದ್ದರೆ ಅಲೆ ನಿಲ್ಲುವ ಮಾತೇ ಇಲ್ಲ. ಬಿಲ್ಲೆಗೆ ಆ ಶಕ್ತಿ ಎಲ್ಲಿಂದ ಬರಬೇಕು?

ಅರೆಬರೆ ಮರೆಯಿಂದ ಕೇಡೂ ಆದೀತು. ಟವರಿನ ಅಲೆ ಕ್ಷೀಣವಾಗಿ ಬಂದರೆ ಫೋನು ತನ್ನ ದನಿ ಎತ್ತರಿಸುತ್ತದೆ, ಅಂದರೆ ಹೆಚ್ಚು ಶಕ್ತಿಯ ಅಲೆ ಹೊರಡಿಸುತ್ತದೆ. ಟವರ್ ನೂರಾರು ಅಡಿ ದೂರದಲ್ಲಿದ್ದರೆ ಫೋನು ಕಿವಿಗೆ ಅಂಟಿಕೊಂಡಿರುತ್ತದೆ. ಕಿಟಕಿಗೆಲ್ಲ ಲೋಹದ ಹಾಳೆ ಹಚ್ಚಿ ಒಳಗೆ ಕುಳಿತು ಮೊಬೈಲಿನಲ್ಲಿ ಮಾತಾಡುವವರ ತಲೆಗೆ ಮೊದಲಿಗಿಂತ ಹೆಚ್ಚೇ ಶಕ್ತಿ ತಲುಪಬಹುದು. ವೈಫೈ ಪೆಟ್ಟಿಗೆಯಂತೂ ಮರೆಯ ಒಳಗೇ ಇರುತ್ತದೆ.

ಹೀಗಾಗಿ ಮೊದಲು ಮಾಡಬೇಕಾದ ಕೆಲಸ ಅಳತೆ. ಕೇಂದ್ರ ದೂರಸಂಪರ್ಕ ಇಲಾಖೆ 2017ರಲ್ಲಿ ಆರಂಭಿಸಿದ ‘ತರಂಗ ಸಂಚಾರ್’ ತಾಣದಲ್ಲಿ ನಮ್ಮ ಸುತ್ತಲಿನ ಟವರುಗಳು ನಿಯಮಕ್ಕೆ ಬದ್ಧವಾಗಿವೆಯೇ ನೋಡಬಹುದು. ಶುಲ್ಕ ಕಟ್ಟಿ ನಮ್ಮ ಮನೆಯ ಬಳಿಯೇ ಅಳೆಯಿರಿ ಎಂದು ಕೇಳಲೂ ಬಹುದು. ಅಳತೆ ಮಿತಿ ಮೀರಿದ್ದರೆ ಸರಿಪಡಿಸಬೇಕಾದದ್ದು ಟವರನ್ನು, ನಮ್ಮ ಗೋಡೆಯನ್ನಲ್ಲ, ಅದನ್ನು ಒತ್ತಾಯಿಸುವ ಹಕ್ಕು ನಮಗಿದೆ. ರೇಡಾರಿನಂಥ ಅನಿವಾರ್ಯ ಮೂಲದ ಎದುರು ಮರೆ ಕಟ್ಟಲೇಬೇಕಾಗಿ ಬಂದರೆ ಮೂಲದತ್ತ ಮುಖ ಮಾಡಿದ ಕಿಟಕಿಯಿಂದ ಕೆಲಸ ಶುರುವಾಗಲಿ: ಲೋಹದ ಬಲೆ ಅಥವಾ ಲೇಪವಿರುವ ಗಾಜು, ಬಣ್ಣ ಕೆರೆದ ಚೌಕಟ್ಟು, ಅಂಚಿನುದ್ದಕ್ಕೂ ಲೋಹಕ್ಕೆ ಲೋಹ ತಾಗುವಂತೆ ಬಿಗಿದ ಪಟ್ಟಿ, ಕೊನೆಗೆ ಬಾಗಿಲಿನ ಸಂದು. ಪ್ರತಿ ಹಂತದ ಬಳಿಕವೂ ಮತ್ತೊಮ್ಮೆ ಅಳೆಯಬೇಕು.